ಡ್ವೈಟ್ ಡಿ. ಐಸೆನ್‌ಹೋವರ್

ಡ್ವೈಟ್ ಡೇವಿಡ್ ಐಸೆನ್‌ಹೋವರ್ (ಅಕ್ಟೋಬರ್ 14, 1890 – ಮಾರ್ಚ್ 28, 1969) ಅಮೆರಿಕ ಸಂಯುಕ್ತ ಸಂಸ್ಥಾನದ 34ನೆಯ ಅಧ್ಯಕ್ಷರು ಮತ್ತು ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಶ್ಚಿಮ ಯೂರೋಪಿನ ಮಿತ್ರಸೇನೆಗಳ ಮಹಾದಂಡನಾಯಕರು. 1953ರಿಂದ 1961ರವರೆಗೆ ಎರಡು ಅವಧಿಗೆ ಅಧ್ಯಕ್ಷರಾಗಿದ್ದರು. ಜನರಿಗೆ ಅವರು 'ಐಕ್' ಎಂಬ ಅಡ್ಡಹೆಸರಿನಿಂದಲೇ ಹೆಚ್ಚು ಪರಿಚಿತರು. ಪ್ರಸನ್ನವಾದ ನಗುಮುಖಕ್ಕೆ ಹೆಸರಾಗಿದ್ದ ಇವರು ಬಾಲ್ಯದಿಂದಲೂ ತೀವ್ರ ಮುಂಗೋಪಿ. ನಡುವಯಸ್ಸಿನಿಂದ ಏರಿಳಿಯುವ ರಕ್ತದೊತ್ತಡ, ತಲೆನೋವು ಮತ್ತು ಹೃದ್ರೋಗಗಳಿಂದ ಬಳಲಿದರು. ಮರಣೋತ್ತರ ಪರೀಕ್ಷೆಯಲ್ಲಿ ಇವರ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೋಮೋಸೈಟೋಮ ಎಂಬ ವಿರಳವಾದ ಗೆಡ್ಡೆಯೊಂದು ಕಂಡುಬಂದಿತು. ಜೀವಮಾನದಲ್ಲಿ ಯಾರೂ ಗುರುತಿಸದಿದ್ದ ಈ ಗೆಡ್ಡೆಯಿಂದಾಗಿ ಐಸೆನ್‌ಹೋವರ್ ಅವರ ಆರೋಗ್ಯದ ಇತಿಹಾಸವು ರಾಜಕೀಯ ಚರಿತ್ರೆಯಷ್ಟೇ ವೈದ್ಯಶಾಸ್ತ್ರದ ಚರ್ಚೆಗೂ ವಸ್ತುವಾಗಿದೆ.

ಬಾಲ್ಯ

ಐಸೆನ್‌ಹೋವರ್ ಟೆಕ್ಸಾಸ್ ರಾಜ್ಯದ ಡೆನಿಸನ್ ಪಟ್ಟಣದಲ್ಲಿ ಜನಿಸಿದರು. ತಂದೆ ಡೇವಿಡ್, ತಾಯಿ ಐಡಾ. ಏಳು ಗಂಡುಮಕ್ಕಳಲ್ಲಿ ಇವರು ಮೂರನೆಯವರು; ಒಬ್ಬ ಮಗು ಎಳವೆಯಲ್ಲಿಯೇ ತೀರಿಕೊಂಡಿತು. ಎರಡು ವರ್ಷ ತುಂಬುವ ಮೊದಲೇ ಕುಟುಂಬವು ಕಾನ್ಸಾಸ್ ರಾಜ್ಯದ ಆಬಿಲೀನ್‌ಗೆ ಬಂದು ನೆಲಸಿತು. ತಂದೆ ಅಲ್ಲಿನ ಬೆಣ್ಣೆ ತಯಾರಿಸುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮನೆಯಲ್ಲಿ ಬಡತನವಿದ್ದರೂ ಶಿಸ್ತು ಮತ್ತು ದೈವಭಕ್ತಿಗಳಿಗೆ ಕೊರತೆಯಿರಲಿಲ್ಲ.

ಇವರ ಬಾಲ್ಯದ ಒಂದು ಘಟನೆ ಎಲ್ಲ ಜೀವನಚರಿತ್ರೆಗಳಲ್ಲಿಯೂ ಬರುತ್ತದೆ. ಸುಮಾರು ಹತ್ತು ವರ್ಷದ ಹುಡುಗನಾಗಿದ್ದಾಗ ಹ್ಯಾಲೋವೀನ್ ಹಬ್ಬದ ಸಂಜೆ ಇಬ್ಬರು ಅಣ್ಣಂದಿರಿಗೆ ಹೊರಗೆ ಹೋಗಲು ಅನುಮತಿ ದೊರೆಯಿತು, ಇವರಿಗೆ ದೊರೆಯಲಿಲ್ಲ. ಹುಡುಗನಿಗೆ ಬಂದ ಸಿಟ್ಟು ಎಷ್ಟಿತ್ತೆಂದರೆ ಅಂಗಳದ ಸೇಬಿನ ಮರವನ್ನು ಎರಡೂ ಮುಷ್ಟಿಗಳಿಂದ ರಕ್ತ ಸುರಿಯುವವರೆಗೆ ಗುದ್ದಿದನು. ತಂದೆ ಬೆತ್ತದಿಂದ ಹೊಡೆದು ಮಲಗಲು ಕಳುಹಿಸಿದರು. ಒಂದು ಗಂಟೆಯ ನಂತರ ತಾಯಿ ಬಂದು ಪಕ್ಕದಲ್ಲಿ ಕುಳಿತು, ಗಾಯಗಳಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟುತ್ತ, ತನ್ನನ್ನು ತಾನು ಗೆಲ್ಲುವುದರ ಹಿರಿಮೆಯನ್ನು ಧರ್ಮಗ್ರಂಥದ ಆಧಾರದಿಂದ ತಿಳಿಹೇಳಿದರು. ದ್ವೇಷದಿಂದ ಹಾನಿಯಾಗುವುದು ದ್ವೇಷಿಸುವವನಿಗೇ ಎಂಬ ಆ ಮಾತನ್ನು ಐಸೆನ್‌ಹೋವರ್ ತಮ್ಮ ಬದುಕಿನ ಅತ್ಯಮೂಲ್ಯ ಪಾಠಗಳಲ್ಲಿ ಒಂದೆಂದು 1967ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಸ್ಮರಿಸಿದ್ದಾರೆ. ಕೋಪವನ್ನು ಅವರು ಕೊನೆಯವರೆಗೂ ಸ್ವಭಾವದ ದೋಷವೆಂದೇ ಭಾವಿಸಿದ್ದರು. ಅದರ ಹಿಂದೆ ದೇಹದ ಕಾರಣವೊಂದು ಇರಬಹುದೆಂಬ ಯೋಚನೆ ಅವರಿಗೆ ಬರುವಂತೆಯೂ ಇರಲಿಲ್ಲ.

ಪ್ರೌಢಶಾಲೆಯ ಮೊದಲ ವರ್ಷದಲ್ಲಿ ಮೊಣಕಾಲಿಗಾದ ತರಚುಗಾಯ ನಂಜೇರಿ, ಕಾಲನ್ನು ಕತ್ತರಿಸಬೇಕೆಂದು ವೈದ್ಯರು ಹೇಳುವ ಸ್ಥಿತಿ ಬಂದಿತು. ಹುಡುಗ ಒಪ್ಪಲಿಲ್ಲ. ತಾನು ಪ್ರಜ್ಞೆ ತಪ್ಪಿದರೂ ಕಾಲು ಕತ್ತರಿಸಲು ಬಿಡಕೂಡದೆಂದು ಅಣ್ಣ ಎಡ್ಗರ್‌ನಿಂದ ಮಾತು ತೆಗೆದುಕೊಂಡನು. ಕಾಲು ಉಳಿಯಿತು.

ಸೈನಿಕ ಜೀವನ

1911ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಗೆ ಸೇರಿ 1915ರಲ್ಲಿ ಪದವಿ ಪಡೆದರು. ಮರುವರ್ಷ ಜುಲೈ 1ರಂದು ಡೆನ್ವರ್ ನಗರದ ಮೇಮಿ ಡೌಡ್ ಅವರನ್ನು ವಿವಾಹವಾದರು. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಹೋಗುವ ಆಸೆ ಈಡೇರಲಿಲ್ಲ; ಗೆಟ್ಟಿಸ್‌ಬರ್ಗ್‌ನಲ್ಲಿ ಟ್ಯಾಂಕ್ ದಳದ ತರಬೇತಿಯ ಹೊಣೆ ಹೊತ್ತರು. 1921ರ ಜನವರಿಯಲ್ಲಿ ಮೂರು ವರ್ಷದ ಹಿರಿಯ ಮಗ ಡೌಡ್ ಡ್ವೈಟ್ ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡನು. ಈ ದುಃಖದಿಂದ ದಂಪತಿಗಳು ಎಂದೂ ಪೂರ್ಣವಾಗಿ ಹೊರಬರಲಿಲ್ಲ. ಎರಡನೆಯ ಮಗ ಜಾನ್ 1922ರಲ್ಲಿ ಹುಟ್ಟಿದನು.

ಪನಾಮಾದಲ್ಲಿ ಜನರಲ್ ಫಾಕ್ಸ್ ಕಾನರ್ ಅವರ ಕೈಕೆಳಗಿನ ಸೇವೆ ಇವರ ಸೈನಿಕ ವಿದ್ಯಾಭ್ಯಾಸವನ್ನು ತಿದ್ದಿತು. 1926ರಲ್ಲಿ ಲೆವೆನ್‌ವರ್ತ್‌ನ ಸೈನಿಕ ಶಾಲೆಯಲ್ಲಿ ಮೊದಲ ಸ್ಥಾನ ಗಳಿಸಿದರು. 1935ರಿಂದ 1939ರವರೆಗೆ ಫಿಲಿಪೈನ್ಸ್‌ನಲ್ಲಿ ಜನರಲ್ ಮೆಕಾರ್ಥರ್ ಅವರ ಸಹಾಯಕರಾಗಿದ್ದರು. ಈ ವರ್ಷಗಳಲ್ಲೆಲ್ಲ ಆಗಾಗ ತೀವ್ರವಾದ ಹೊಟ್ಟೆನೋವು ಇವರನ್ನು ಕಾಡುತ್ತಿತ್ತು. 1920ರ ದಶಕದಲ್ಲಿ ಅಪೆಂಡಿಕ್ಸ್ ತೆಗೆದುಹಾಕಿದರೂ ನೋವು ನಿಲ್ಲಲಿಲ್ಲ. ಕಾರಣ ಗೊತ್ತಾದದ್ದು 1956ರಲ್ಲಿ. ಕರುಳಿನ ಈ ಕಾಯಿಲೆ ಮೂರು ದಶಕಗಳ ಕಾಲ ಹೆಸರಿಲ್ಲದೆ ಉಳಿದಿತ್ತೆಂಬುದನ್ನು ನೆನಪಿನಲ್ಲಿಟ್ಟರೆ, ಮತ್ತೊಂದು ಕಾಯಿಲೆ ಸಾವಿನವರೆಗೂ ಅಡಗಿ ಕುಳಿತಿದ್ದುದು ಅಷ್ಟು ವಿಚಿತ್ರವೆನಿಸುವುದಿಲ್ಲ.

1942ರಲ್ಲಿ ಲಂಡನ್ನಿಗೆ ಬಂದ ಐಸೆನ್‌ಹೋವರ್ ಉತ್ತರ ಆಫ್ರಿಕ, ಸಿಸಿಲಿ ಮತ್ತು ಇಟಲಿಯ ಕಾರ್ಯಾಚರಣೆಗಳನ್ನು ನಡೆಸಿ, 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರಕ್ಕೆ ಸೇನೆಯನ್ನಿಳಿಸುವ ನಿರ್ಧಾರ ಕೈಗೊಂಡರು. ಹವಾಮಾನ ಪ್ರತಿಕೂಲವಾಗಿದ್ದ ಆ ದಿನಗಳಲ್ಲಿ ಒಂದು ದಿನದ ಮಟ್ಟಿಗೆ ದಂಡಯಾತ್ರೆಯನ್ನು ಮುಂದೂಡಿದ್ದರು. ದಾಳಿ ವಿಫಲವಾದಲ್ಲಿ ತಪ್ಪೆಲ್ಲವೂ ತಮ್ಮದೊಬ್ಬರದೇ ಎಂದು ಒಪ್ಪಿಕೊಳ್ಳುವ ಚಿಕ್ಕ ಚೀಟಿಯೊಂದನ್ನು ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು. ಅದನ್ನು ಹೊರತೆಗೆಯುವ ಪ್ರಸಂಗ ಬರಲಿಲ್ಲ. ಯುದ್ಧಕಾಲದಲ್ಲಿ ದಿನಕ್ಕೆ ನಾಲ್ಕು ಪ್ಯಾಕೆಟ್‌ಗಳವರೆಗೆ ಸಿಗರೇಟು ಸೇದುತ್ತಿದ್ದರು, ಕಾಫಿಗೆ ಲೆಕ್ಕವಿರಲಿಲ್ಲ, ನಿದ್ರೆ ಕಡಿಮೆ. ಹಾಗಾಗಿ ರಕ್ತದೊತ್ತಡ ಏರಿದಾಗಲೆಲ್ಲ ಅದಕ್ಕೆ ಕಾರಣ ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ; ಕಾರಣಗಳು ಬೇಕಾದಷ್ಟು ಕಣ್ಣೆದುರಿಗೇ ಇದ್ದವು.

ಯುದ್ಧಾನಂತರ ಸೇನಾ ಮುಖ್ಯಸ್ಥರಾಗಿ, 1948ರಿಂದ ಕೊಲಂಬಿಯ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ, ಅನಂತರ ನೇಟೋ ಪಡೆಗಳ ದಂಡನಾಯಕರಾಗಿ ಕೆಲಸಮಾಡಿದರು. 1949ರ ಮಾರ್ಚ್‌ನಲ್ಲಿ ತೀವ್ರ ಅಸ್ವಸ್ಥತೆಗೊಳಗಾದರು. ಆ ಸಮಯದಲ್ಲಿ ವೈದ್ಯರ ಸಲಹೆಯಂತೆ ಸಿಗರೇಟನ್ನು ಒಮ್ಮೆಗೇ ಬಿಟ್ಟವರು ಮತ್ತೆ ಮುಟ್ಟಲಿಲ್ಲ. ಈ ಅಸ್ವಸ್ಥತೆ ಹೊಟ್ಟೆಗೆ ಸಂಬಂಧಿಸಿದ್ದೋ ಅಥವಾ ಬಹಿರಂಗಪಡಿಸದ ಮೊದಲ ಹೃದಯಾಘಾತವೋ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ.

ಕೋಪ ಮತ್ತು ಅದರ ನಿಗ್ರಹ

ಶ್ವೇತಭವನದ ಸಿಬ್ಬಂದಿಗೆ ಅಧ್ಯಕ್ಷರ ಸಿಟ್ಟು ಹೊಸದಲ್ಲ. ಕ್ಷಣಾರ್ಧದಲ್ಲಿ ಮುಖ ಕೆಂಪೇರಿ, ಕಣತಲೆಯ ನರ ಉಬ್ಬಿ, ಮಾತು ಸಿಡಿಯುತ್ತಿತ್ತು. ಕೆಲವು ನಿಮಿಷಗಳಲ್ಲಿ ಎಲ್ಲವೂ ಇಳಿದು ಮತ್ತೆ ಪ್ರಸನ್ನರಾಗುತ್ತಿದ್ದರು. ಅವರು ಕಂದುಬಣ್ಣದ ಸೂಟು ಧರಿಸಿ ಬಂದ ದಿನ ಸಿಟ್ಟಿನ ದಿನವೆಂದು ಭೇಟಿಗಳ ಕಾರ್ಯದರ್ಶಿ ಲೆಕ್ಕ ಹಾಕುತ್ತಿದ್ದರಂತೆ.

ಇದನ್ನು ಹತೋಟಿಯಲ್ಲಿಡಲು ಐಸೆನ್‌ಹೋವರ್ ತಮ್ಮದೇ ಆದ ಉಪಾಯಗಳನ್ನು ರೂಢಿಸಿಕೊಂಡಿದ್ದರು. ಯಾರಾದರೂ ಅಸಹ್ಯವೆನಿಸುವಂತೆ ನಡೆದುಕೊಂಡರೆ ಆ ವ್ಯಕ್ತಿಯ ಹೆಸರನ್ನು ಒಂದು ಚೂರು ಕಾಗದದಲ್ಲಿ ಬರೆದು ಮೇಜಿನ ಕೆಳಗಿನ ಖಾನೆಗೆ ಹಾಕಿಬಿಡುತ್ತಿದ್ದರು. ಅಲ್ಲಿಗೆ ಆ ವಿಷಯ ಮುಗಿಯಿತೆಂದು ಅರ್ಥ. ಬಹಿರಂಗವಾಗಿ ಯಾರನ್ನೂ ಹೆಸರು ಹಿಡಿದು ನಿಂದಿಸಬಾರದೆಂಬ ನಿಯಮವನ್ನೂ ಹಾಕಿಕೊಂಡಿದ್ದರು. ಕೊಲಂಬಿಯದಲ್ಲಿದ್ದಾಗ ಕಲಾವಿದರೊಬ್ಬರು ಮೇಮಿ ಅವರ ಭಾವಚಿತ್ರ ಬರೆಯುವುದನ್ನು ನೋಡಿ ತಾವೂ ಕುಂಚ ಹಿಡಿದರು. ಶ್ವೇತಭವನದಲ್ಲಿ ಚಿತ್ರ ಬರೆಯಲೆಂದೇ ಒಂದು ಪುಟ್ಟ ಕೋಣೆಯಿತ್ತು. ಗಾಲ್ಫ್, ಬ್ರಿಡ್ಜ್ ಆಟ, ಮೀನು ಹಿಡಿಯುವುದು, ಅಡಿಗೆ ಮಾಡುವುದು, ಇವೆಲ್ಲವೂ ಮನಸ್ಸನ್ನು ಬೇರೆಡೆಗೆ ತಿರುಗಿಸುವ ಸಾಧನಗಳೇ ಆಗಿದ್ದವು. ಅಧ್ಯಕ್ಷರು ಸದಾ ಗಾಲ್ಫ್ ಆಡುತ್ತಾರೆಂದು ವಿರೋಧಿಗಳು ಹಾಸ್ಯ ಮಾಡಿದರು. ಆದರೆ ಚೆಂಡು ಗುರಿ ತಪ್ಪಿದರೆ ಅಲ್ಲಿಯೂ ಅವರಿಗೆ ಸಿಟ್ಟು ಬರುತ್ತಿತ್ತಾದ್ದರಿಂದ ಈ ಔಷಧಿ ಎಷ್ಟು ಫಲಕಾರಿಯಾಗಿತ್ತೆಂದು ಹೇಳುವುದು ಕಷ್ಟ.

ಇವರ ಖಾಸಗಿ ವೈದ್ಯ ಹೊವಾರ್ಡ್ ಸ್ನೈಡರ್ ಸೈನ್ಯದ ಶಸ್ತ್ರಚಿಕಿತ್ಸಕರು. ಐಸೆನ್‌ಹೋವರ್ ಅವರಿಗಿಂತ ಒಂಬತ್ತು ವರ್ಷ ಹಿರಿಯರು. ಅಧ್ಯಕ್ಷರ ರಕ್ತದೊತ್ತಡ, ನಾಡಿ, ನಿದ್ರೆ, ಆಹಾರ, ಮನೋಭಾವ ಎಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ದಾಖಲಿಸುತ್ತಿದ್ದರು. ಯಾವ ಘಟನೆಯ ನಂತರ ಒತ್ತಡ ಏರಿತು, ಎಷ್ಟು ಹೊತ್ತಿಗೆ ಇಳಿಯಿತು ಎಂಬ ಈ ದಾಖಲೆಗಳು ಇಂದಿನ ಸಂಶೋಧಕರಿಗೆ ಮುಖ್ಯ ಆಕರಗಳಾಗಿವೆ. ಆದರೆ ಏರಿಳಿತವನ್ನು ಗುರುತಿಸಿದ ವೈದ್ಯರು ಅದನ್ನು ಸಿಟ್ಟಿನ ಪರಿಣಾಮವೆಂದು ಓದಿದರು. ಸಿಟ್ಟು ಮತ್ತು ಒತ್ತಡ ಎರಡಕ್ಕೂ ಮೂರನೆಯದೊಂದು ಮೂಲವಿರಬಹುದೇ ಎಂದು ಪರೀಕ್ಷಿಸುವ ವಿಧಾನಗಳು ಆಗಿನ್ನೂ ಬಾಲ್ಯಾವಸ್ಥೆಯಲ್ಲಿದ್ದವು.

1955ರ ಹೃದಯಾಘಾತ

1955ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ವಿಶ್ರಾಂತಿಗಾಗಿ ಕೊಲರಾಡೊ ರಾಜ್ಯದಲ್ಲಿದ್ದರು. 23ರಂದು ಡೆನ್ವರ್‌ನ ಚೆರ್ರಿ ಹಿಲ್ಸ್ ಕ್ಲಬ್‌ನಲ್ಲಿ ಗಾಲ್ಫ್ ಆಡುತ್ತಿದ್ದಾಗ ವಿದೇಶಾಂಗ ಕಾರ್ಯದರ್ಶಿ ಡಲೆಸ್ ಅವರ ದೂರವಾಣಿ ಕರೆಗಳಿಗಾಗಿ ಆಟ ನಿಲ್ಲಿಸಿ ಮತ್ತೆ ಮತ್ತೆ ಕ್ಲಬ್ಬಿನ ಕಟ್ಟಡಕ್ಕೆ ಬರಬೇಕಾಯಿತು. ಸಂಪರ್ಕ ಸರಿಯಾಗಿ ದೊರೆಯದೆ ಅಧ್ಯಕ್ಷರು ವಿಪರೀತ ಸಿಟ್ಟಾದರೆಂದು ಜೊತೆಗಿದ್ದವರು ಹೇಳಿದ್ದಾರೆ. ಮಧ್ಯಾಹ್ನ ಹಸಿ ಈರುಳ್ಳಿಯೊಡನೆ ಹ್ಯಾಂಬರ್ಗರ್ ತಿಂದು ಮತ್ತೆ ಆಡಿದರು, ಹೊಟ್ಟೆ ಕೆಟ್ಟಂತೆನಿಸಿತು. ಅದೇ ರಾತ್ರಿ, ಅಂದರೆ 24ರ ಬೆಳಗಿನ ಜಾವ, ಅತ್ತೆಯ ಮನೆಯಲ್ಲಿ ಮಲಗಿದ್ದಾಗ ಎದೆನೋವು ಕಾಣಿಸಿಕೊಂಡಿತು. ಮೇಮಿ ಕರೆದೊಡನೆ ಬಂದ ಸ್ನೈಡರ್ ಮಾರ್ಫೀನ್ ಚುಚ್ಚುಮದ್ದು ನೀಡಿ ಮಲಗಿಸಿದರು. ಅಜೀರ್ಣವೆಂದು ಪತ್ರಕರ್ತರಿಗೆ ಮೊದಲು ತಿಳಿಸಲಾಯಿತು. ಹೃದಯದ ವಿದ್ಯುತ್ ಲೇಖನ, ಅಂದರೆ ಇಸಿಜಿ ತೆಗೆದದ್ದು ಮಧ್ಯಾಹ್ನದ ಹೊತ್ತಿಗೆ. ಆಗಲೇ ಹೃದಯಾಘಾತ ಖಚಿತವಾಗಿ ಫಿಟ್ಸ್‌ಸೈಮನ್ಸ್ ಸೈನಿಕ ಆಸ್ಪತ್ರೆಗೆ ಸಾಗಿಸಲಾಯಿತು. ಸ್ನೈಡರ್ ಮೊದಲಿನಿಂದಲೂ ರೋಗವನ್ನು ಅರಿತು ರೋಗಿಗೆ ನಿದ್ರೆ ಕೊಡಲೆಂದು ಕಾದರೇ, ಅಥವಾ ಅಜೀರ್ಣವೆಂದೇ ತಪ್ಪು ತಿಳಿದಿದ್ದರೇ ಎಂಬುದು ವಿವಾದದ ವಿಷಯ.

ಸುದ್ದಿ ಹಬ್ಬಿದ ನಂತರದ ಮೊದಲ ಸೋಮವಾರ, ಸೆಪ್ಟೆಂಬರ್ 26ರಂದು, ನ್ಯೂಯಾರ್ಕ್ ಷೇರುಪೇಟೆಯ ಸೂಚ್ಯಂಕ ಶೇಕಡ 6ಕ್ಕೂ ಹೆಚ್ಚು ಕುಸಿಯಿತು. ಬಾಸ್ಟನ್ನಿನ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಅವರನ್ನು ಕರೆಸಲಾಯಿತು. ಅವರು ಪತ್ರಕರ್ತರ ಮುಂದೆ ರೋಗದ ವಿವರಗಳನ್ನು, ಮಲವಿಸರ್ಜನೆಯನ್ನೂ ಬಿಡದೆ, ಶಾಲೆಯ ಪಾಠದಂತೆ ವಿವರಿಸಿದರು. ಹೃದಯಾಘಾತವೆಂದರೆ ಏನು, ಅದರ ನಂತರವೂ ಕೆಲಸಮಾಡುವುದು ಸಾಧ್ಯವೇ ಎಂಬುದನ್ನು ಅಮೆರಿಕದ ಸಾಮಾನ್ಯ ಜನರು ಕಲಿತದ್ದು ಈ ಸಂದರ್ಭದಲ್ಲಿ ಎಂದರೆ ಅತಿಶಯೋಕ್ತಿಯಲ್ಲ.

ನವೆಂಬರ್ 11ರಂದು ಆಸ್ಪತ್ರೆಯಿಂದ ಬಿಡುಗಡೆಯಾದ ಅಧ್ಯಕ್ಷರಿಗೆ ವೈದ್ಯರು ಕಟ್ಟುನಿಟ್ಟಿನ ದಿನಚರಿ ಹಾಕಿಕೊಟ್ಟರು: ಊಟಕ್ಕೆ ಮುಂಚೆ ವಿಶ್ರಾಂತಿ, ಮಧ್ಯಾಹ್ನ ನಿದ್ರೆ, ಕೊಬ್ಬು ಕಡಿಮೆಯಿರುವ ಆಹಾರ, ರಕ್ತ ಹೆಪ್ಪುಗಟ್ಟದಂತೆ ಔಷಧಿ. ಸಿಟ್ಟು, ಬೇಸರ, ಚಿಂತೆ, ಭಯ ತರುವ ಸಂದರ್ಭಗಳಿಂದ ದೂರವಿರಬೇಕೆಂದೂ ಹೇಳಿದರು. ಅಧ್ಯಕ್ಷನ ಕೆಲಸವೆಂದರೆ ಅದಲ್ಲದೆ ಬೇರೇನೆಂದು ಅವರಿಗೆ ಅನಿಸಿದ್ದು ಸಹಜವೇ. 1956ರ ಫೆಬ್ರವರಿ 14ರಂದು ವೈದ್ಯರ ಮಂಡಲಿಯು ಇನ್ನೂ ಐದರಿಂದ ಹತ್ತು ವರ್ಷ ಕ್ರಿಯಾಶೀಲವಾಗಿರಬಹುದೆಂದು ವರದಿ ನೀಡಿತು. ಅದೇ 29ರಂದು ಎರಡನೆಯ ಅವಧಿಗೆ ಸ್ಪರ್ಧಿಸುವುದಾಗಿ ಘೋಷಿಸಿದರು.

ಎರಡನೆಯ ಅವಧಿ

1956ರ ಜೂನ್ 9ರಂದು ಕರುಳಿನ ತಡೆಯಿಂದಾಗಿ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ತುರ್ತು ಶಸ್ತ್ರಚಿಕಿತ್ಸೆ ನಡೆಯಿತು. ಹಳೆಯ ಹೊಟ್ಟೆನೋವಿನ ಮೂಲವಾದ ಕ್ರೋನ್ಸ್ ರೋಗ ಕೊನೆಗೆ ಸ್ಪಷ್ಟವಾಯಿತು. ನವೆಂಬರ್‌ನಲ್ಲಿ ಸೂಯೆಜ್ ಬಿಕ್ಕಟ್ಟಿನ ನಡುವೆಯೇ ಭಾರಿ ಬಹುಮತದಿಂದ ಪುನರಾಯ್ಕೆಯಾದರು.

1957ರ ನವೆಂಬರ್ 25ರಂದು ಮೊರಾಕೊ ದೊರೆಯನ್ನು ವಿಮಾನ ನಿಲ್ದಾಣದಲ್ಲಿ ಸ್ವಾಗತಿಸಿ ಬಂದ ಅಧ್ಯಕ್ಷರಿಗೆ ಕಚೇರಿಯ ಮೇಜಿನ ಮುಂದೆ ಕುಳಿತಿದ್ದಾಗ ಮಾತು ತೊದಲಿತು. ಹೇಳಬೇಕಾದ ಪದಗಳು ನಾಲಿಗೆಗೆ ಬರಲಿಲ್ಲ. ಮಿದುಳಿಗೆ ಆದ ಲಘು ಆಘಾತವದು. ಆ ರಾತ್ರಿಯ ಔತಣಕ್ಕೆ ತಾವು ಹೋಗಿಯೇ ತೀರುವೆನೆಂದು ಹಟ ಹಿಡಿದವರನ್ನು ವೈದ್ಯರು ಮತ್ತು ಮೇಮಿ ಬಹಳ ಕಷ್ಟದಿಂದ ತಡೆದರು. ಕೆಲವೇ ದಿನಗಳಲ್ಲಿ ಮಾತು ಮರಳಿತಾದರೂ ಕೆಲವು ಪದಗಳು ಅದಲುಬದಲಾಗುವುದು ಉಳಿಯಿತು. ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ನೇಟೋ ಸಭೆಯನ್ನು ತಮಗೆ ತಾವೇ ಒಡ್ಡಿಕೊಂಡ ಪರೀಕ್ಷೆಯನ್ನಾಗಿ ಮಾಡಿಕೊಂಡು, ಅದರಲ್ಲಿ ಸೋತರೆ ರಾಜೀನಾಮೆ ಕೊಡುವುದಾಗಿ ನಿಶ್ಚಯಿಸಿದ್ದರು. ಸಭೆ ಸುಗಮವಾಗಿ ಮುಗಿಯಿತು. ತಾವು ಅಶಕ್ತರಾದರೆ ಅಧಿಕಾರ ಹೇಗೆ ಹಸ್ತಾಂತರವಾಗಬೇಕೆಂಬ ಬಗ್ಗೆ 1958ರಲ್ಲಿ ಉಪಾಧ್ಯಕ್ಷ ನಿಕ್ಸನ್ ಅವರೊಡನೆ ಲಿಖಿತ ಒಪ್ಪಂದ ಮಾಡಿಕೊಂಡರು. 1967ರಲ್ಲಿ ಜಾರಿಗೆ ಬಂದ ಅಮೆರಿಕ ಸಂವಿಧಾನದ 25ನೆಯ ತಿದ್ದುಪಡಿಯ ಹಿನ್ನೆಲೆಯಲ್ಲಿ ಈ ಅನುಭವವೂ ಇದೆ.

1959ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಭೇಟಿ ನೀಡಿದರು. ಅಧಿಕಾರದಲ್ಲಿದ್ದಾಗ ಭಾರತಕ್ಕೆ ಬಂದ ಮೊದಲ ಅಮೆರಿಕ ಅಧ್ಯಕ್ಷರು ಇವರೇ. ದೆಹಲಿಯಲ್ಲಿ ಸಂಸತ್ತನ್ನು ಉದ್ದೇಶಿಸಿ ಮಾತನಾಡಿ, ನೆಹರೂ ಅವರೊಡನೆ ರಾಮಲೀಲಾ ಮೈದಾನದ ಬೃಹತ್ ಸಭೆಯಲ್ಲಿ ಭಾಗವಹಿಸಿ, ಆಗ್ರಾದ ತಾಜ್ ಮಹಲನ್ನೂ ನೋಡಿದರು. ಎರಡು ಬಾರಿ ಸಾವಿನ ಅಂಚಿಗೆ ಹೋಗಿಬಂದ 69ರ ಮನುಷ್ಯ ಹನ್ನೊಂದು ದೇಶಗಳ ಪ್ರವಾಸವನ್ನು ಪೂರೈಸಿದ್ದು ಸಾಮಾನ್ಯ ಸಂಗತಿಯಲ್ಲ.

ಕೊನೆಯ ವರ್ಷಗಳು

1961ರಲ್ಲಿ ನಿವೃತ್ತರಾಗಿ ಗೆಟ್ಟಿಸ್‌ಬರ್ಗ್‌ನ ತೋಟದ ಮನೆಯಲ್ಲಿ ನೆಲಸಿದರು. 1965ರ ನವೆಂಬರ್‌ನಲ್ಲಿ ಮತ್ತೆ ಹೃದಯಾಘಾತವಾಯಿತು. 1966ರಲ್ಲಿ ಪಿತ್ತಕೋಶವನ್ನು ತೆಗೆಯಲಾಯಿತು. 1968ರ ಏಪ್ರಿಲ್‌ನಲ್ಲಿ ಇನ್ನೊಂದು ಆಘಾತವಾದ ನಂತರ ವಾಲ್ಟರ್ ರೀಡ್ ಆಸ್ಪತ್ರೆಗೆ ಸೇರಿದವರು ಮನೆಗೆ ಮರಳಲಿಲ್ಲ. ಆಗಸ್ಟ್ 5ರಂದು ಆಸ್ಪತ್ರೆಯಿಂದಲೇ ರಿಪಬ್ಲಿಕನ್ ಪಕ್ಷದ ಅಧಿವೇಶನಕ್ಕೆ ಭಾಷಣ ಮಾಡಿದರು; ಮರುದಿನವೇ ಮತ್ತೊಂದು ಆಘಾತ. 1955ರಿಂದ ಲೆಕ್ಕ ಹಾಕಿದರೆ ಒಟ್ಟು ಏಳು ಹೃದಯಾಘಾತಗಳು. ಡಿಸೆಂಬರ್‌ನಲ್ಲಿ ನಡೆದ ಮೊಮ್ಮಗ ಡೇವಿಡ್‌ನ ಮದುವೆಯನ್ನು ಹಾಸಿಗೆಯಿಂದಲೇ ಟೆಲಿವಿಷನ್ನಿನಲ್ಲಿ ನೋಡಿದರು. 1969ರ ಫೆಬ್ರವರಿಯಲ್ಲಿ ಕರುಳಿನ ತಡೆಗಾಗಿ ಮತ್ತೆ ಶಸ್ತ್ರಚಿಕಿತ್ಸೆಯಾಯಿತು. ಮಾರ್ಚ್ 28ರಂದು ಹೃದಯ ವೈಫಲ್ಯದಿಂದ ನಿಧನರಾದರು.

ಅಡ್ರಿನಲ್ ಗೆಡ್ಡೆ

ಮರಣೋತ್ತರ ಪರೀಕ್ಷೆಯಲ್ಲಿ ಸುಮಾರು 1.5 ಸೆಂಟಿಮೀಟರ್ ಗಾತ್ರದ ಫಿಯೋಕ್ರೋಮೋಸೈಟೋಮ ಪತ್ತೆಯಾಯಿತು. ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ಒಳತಿರುಳು ಅಡ್ರಿನಲಿನ್ ಮತ್ತು ನಾರ್ ಅಡ್ರಿನಲಿನ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ಅಪಾಯ ಎದುರಾದಾಗ ಹೃದಯದ ಬಡಿತವನ್ನು ಹೆಚ್ಚಿಸಿ, ರಕ್ತನಾಳಗಳನ್ನು ಬಿಗಿಗೊಳಿಸಿ, ದೇಹವನ್ನು ಹೋರಾಟಕ್ಕೋ ಓಟಕ್ಕೋ ಸಿದ್ಧಗೊಳಿಸುವುದು ಇವುಗಳ ಕೆಲಸ. ಗೆಡ್ಡೆ ಬೆಳೆದಾಗ ಅಪಾಯವಿರಲಿ ಇಲ್ಲದಿರಲಿ ಈ ಹಾರ್ಮೋನುಗಳು ಹೊತ್ತುಗೊತ್ತಿಲ್ಲದೆ ರಕ್ತಕ್ಕೆ ನುಗ್ಗಬಹುದು. ಆಗ ರಕ್ತದೊತ್ತಡ ಹಠಾತ್ತನೆ ಏರುತ್ತದೆ. ತಲೆನೋವು, ಬೆವರು, ಎದೆಬಡಿತ, ಕಾರಣವಿಲ್ಲದ ಭೀತಿ ಕಾಣಿಸಿಕೊಂಡು, ಕೆಲವು ನಿಮಿಷಗಳಿಂದ ಒಂದು ಗಂಟೆಯೊಳಗೆ ಇಳಿದುಬಿಡುತ್ತವೆ. ವೈದ್ಯರ ಬಳಿ ಹೋಗುವ ಹೊತ್ತಿಗೆ ಎಲ್ಲವೂ ಸಹಜವಾಗಿರುವುದರಿಂದ ರೋಗಿಯನ್ನು ಅಧೀರನೆಂದೋ ಕೋಪಿಷ್ಠನೆಂದೋ ತಿಳಿಯುವ ಸಂಭವ ಹೆಚ್ಚು.

ಈ ರೋಗವನ್ನು 1886ರಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ ಫೆಲಿಕ್ಸ್ ಫ್ರೆಂಕೆಲ್ ಯುವತಿಯೊಬ್ಬಳಲ್ಲಿ ವರ್ಣಿಸಿದ್ದರು. ಅಲ್ಲಿಯೂ ಗೆಡ್ಡೆ ಕಂಡದ್ದು ಸಾವಿನ ನಂತರವೇ. 1912ರಲ್ಲಿ ಲುಡ್ವಿಗ್ ಪಿಕ್ ಇದಕ್ಕೆ ಈಗಿನ ಹೆಸರನ್ನು ಕೊಟ್ಟರು. 1926ರಲ್ಲಿ ಶಸ್ತ್ರಚಿಕಿತ್ಸೆಯಿಂದ ಗೆಡ್ಡೆಯನ್ನು ತೆಗೆಯುವುದು ಸಾಧ್ಯವಾಯಿತು. ಮೂತ್ರದಲ್ಲಿ ಹಾರ್ಮೋನಿನ ಅಂಶವನ್ನು ಅಳೆಯುವ ಪರೀಕ್ಷೆಗಳು ಐಸೆನ್‌ಹೋವರ್ ಅಧ್ಯಕ್ಷರಾಗಿದ್ದ ಕಾಲದಲ್ಲಿ ಆಗತಾನೇ ರೂಪುಗೊಳ್ಳುತ್ತಿದ್ದವು, ಸಿ.ಟಿ. ಸ್ಕ್ಯಾನ್ ಬಂದದ್ದು ಅವರ ಸಾವಿನ ನಂತರ, 1970ರ ದಶಕದಲ್ಲಿ. ಏರಿದ ರಕ್ತದೊತ್ತಡಕ್ಕೇ ಸರಿಯಾದ ಔಷಧಿಗಳಿಲ್ಲದ ಕಾಲವದು. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧದ ಬೇರಿನ ಗುಣವನ್ನು ಕುರಿತು ಬರೆದ ಲೇಖನದ ನಂತರವೇ ಆ ಗಿಡ ಪಾಶ್ಚಾತ್ಯ ವೈದ್ಯರ ಗಮನಕ್ಕೆ ಬಂದಿತೆಂಬುದನ್ನು ಇಲ್ಲಿ ನೆನೆಯಬಹುದು.

ಐಸೆನ್‌ಹೋವರ್ ಅವರ ಸಿಟ್ಟು, ತಲೆನೋವು ಮತ್ತು ಒತ್ತಡದ ಏರಿಳಿತಗಳಿಗೆ ಈ ಗೆಡ್ಡೆಯೇ ಕಾರಣವಾಗಿದ್ದಿರಬಹುದೆಂದು 2007ರಲ್ಲಿ ಅಮೆರಿಕದ ಹೃದ್ರೋಗ ಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಲೇಖನ ಚರ್ಚಿಸಿದೆ. ಇದನ್ನು ಪೂರ್ತಿಯಾಗಿ ಒಪ್ಪಲು ಅಡ್ಡಿಗಳೂ ಉಂಟು. ಗೆಡ್ಡೆ ಚಿಕ್ಕದು. ಈ ರೋಗದ ಉಲ್ಬಣದಲ್ಲಿ ಮುಖ ಸಾಮಾನ್ಯವಾಗಿ ಬಿಳಿಚಿಕೊಳ್ಳುತ್ತದೆ. ಐಸೆನ್‌ಹೋವರ್ ಅವರ ಮುಖ ಕೆಂಪಾಗುತ್ತಿತ್ತು. ಗುರುತಿಸದ ಗೆಡ್ಡೆಯಿರುವ ರೋಗಿಗೆ ಅರಿವಳಿಕೆ ಕೊಟ್ಟು ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವುದು ಪ್ರಾಣಾಪಾಯಕರ. ಇವರು 1956, 1966 ಮತ್ತು 1969ರಲ್ಲಿ ಅಂಥ ಮೂರು ಚಿಕಿತ್ಸೆಗಳಿಂದ ಬದುಕಿ ಹೊರಬಂದರು. ಸೇಬಿನ ಮರಕ್ಕೆ ಗುದ್ದಿದ ಹತ್ತು ವರ್ಷದ ಹುಡುಗನ ಸಿಟ್ಟನ್ನು ಸುಮಾರು ಏಳು ದಶಕಗಳ ನಂತರ ಕಂಡ ಗೆಡ್ಡೆಗೆ ಕಟ್ಟುವುದಂತೂ ಸಾಧ್ಯವಿಲ್ಲ. ಆದರೆ ಕೊನೆಯ ವರ್ಷಗಳ ರಕ್ತದೊತ್ತಡದ ಮಟ್ಟಿಗೆ ಗೆಡ್ಡೆಯ ಪಾತ್ರವನ್ನು ತಳ್ಳಿಹಾಕುವಂತಿಲ್ಲ. ಇವರ ನಂತರ ಅಧ್ಯಕ್ಷರಾದ ಜಾನ್ ಎಫ್. ಕೆನಡಿ ಅವರಿಗೆ ಇದೇ ಗ್ರಂಥಿಯ ವಿರುದ್ಧ ಬಗೆಯ ಕಾಯಿಲೆಯಿತ್ತು: ಅವರ ಅಡ್ರಿನಲ್ ಗ್ರಂಥಿಗಳು ಕ್ಷಯಿಸಿ ಹೋಗಿದ್ದವು. ಅದನ್ನೂ ಜನರಿಂದ ಮುಚ್ಚಿಡಲಾಗಿತ್ತು.

ಸ್ಮಾರಕ

ಐಸೆನ್‌ಹೋವರ್ ಅವರನ್ನು ಆಬಿಲೀನ್‌ನಲ್ಲಿ ಅವರ ಬಾಲ್ಯದ ಮನೆಯ ಆವರಣದಲ್ಲಿಯೇ ಇರುವ ಧ್ಯಾನಮಂದಿರದಲ್ಲಿ ಸಮಾಧಿ ಮಾಡಲಾಗಿದೆ. ಎಳವೆಯಲ್ಲಿ ತೀರಿಕೊಂಡ ಮಗ ಡೌಡ್ ಡ್ವೈಟ್‌ನ ಅವಶೇಷಗಳನ್ನು ಅದಕ್ಕೆ ಮುಂಚೆಯೇ ಡೆನ್ವರ್‌ನಿಂದ ಅಲ್ಲಿಗೆ ತರಲಾಗಿತ್ತು. 1979ರಲ್ಲಿ ನಿಧನರಾದ ಮೇಮಿ ಅವರ ಸಮಾಧಿಯೂ ಪಕ್ಕದಲ್ಲಿದೆ. ಅದೇ ಆವರಣದ ಅಧ್ಯಕ್ಷೀಯ ಗ್ರಂಥಾಲಯದಲ್ಲಿ ವೈದ್ಯ ಸ್ನೈಡರ್ ಅವರ ಟಿಪ್ಪಣಿಗಳು ಸಂಶೋಧಕರಿಗಾಗಿ ಇರಿಸಲ್ಪಟ್ಟಿವೆ.